ಸರಕಾರಿ ಲಾ ಕಾಲೇಜಿನ ಮೂರನೆಯ ಕಿಟಕಿ

ಏಪ್ರಿಲ್ 18, ಮಧ್ಯಾಹ್ನ 1.40
ನ್ಯಾಯಾಲಯದ ಟೈಪಿಂಗ್ ಕೋಣೆ

ನಮ್ಮ ಮನೆಯ ಲಾಯರಮ್ಮನಿಗೆ,

ಚಿಕ್ಕಮ್ಮನ ಕಾಗದ ಕಂಡು ಹೌಹಾರಬೇಡ. ಯಾರಿಗೂ ಏನೂ ಆಗಿಲ್ಲ. ನಿಮ್ಮಮ್ಮ ಎಂದಿನಂತೆ ಗಟ್ಟಿಮುಟ್ಟಾಗಿದ್ದಾಳೆ, ಎಂದಿನಂತೆ ನನ್ನ ತಲೆ ತಿನ್ನುತ್ತಿದ್ದಾಳೆ. ಫೋನ್ ಮಾಡೋಣವೆಂದರೆ ನಾನು ಬಚ್ಚಲಲ್ಲಿ ಪಿಸುಗುಟ್ಟಿದರೂ ಅಕ್ಕನಿಗೆ ಅಡುಗೆಮನೆಯಲ್ಲಿ ಕೇಳಿಸುತ್ತದೆ. ಅದೂ ಅಲ್ಲದೆ, ಇಪ್ಪತ್ತೊಂದು ವರ್ಷ ಸಾಕ್ಷಿಗಳ ಮಾತನ್ನು ಟೈಪ್ ಮಾಡಿ ಮಾಡಿ, ಕಾಗದದ ಮೇಲೆ ಬಾರದ ಮಾತನ್ನು ನಂಬುವ ಅಭ್ಯಾಸವೇ ನನಗೆ ಹೋಗಿಬಿಟ್ಟಿದೆ.

ವಿಷಯ ಇಷ್ಟು. ನಾನು ಕಾನೂನು ಓದಬೇಕೆಂದಿದ್ದೇನೆ. ನಗು. ನಕ್ಕು ಮುಗಿದ ಮೇಲೆ ಮುಂದೆ ಓದು.

ನೀನಿರುವ ನಗರದ ದೊಡ್ಡ ಕೋರ್ಟಿನಲ್ಲಿ ಟೈಪಿಸ್ಟ್ ಜಾಗ ಖಾಲಿಯಾಗಿದೆ. ನಮ್ಮ ಹೆಡ್ ಕ್ಲರ್ಕ್ ನಿನ್ನೆ ಕರೆದು, "ವರ್ಗ ಬೇಕಾದ್ರೆ ಜೂನ್ ಹತ್ತರೊಳಗೆ ಬರ್ದು ಕೊಡಿ. ಈಗ ಬಿಟ್ರೆ ಇನ್ನು ಹತ್ತು ವರ್ಷ ಆ ಕಡೆ ತಲೆ ಹಾಕೋ ಹಾಗಿಲ್ಲ" ಎಂದರು. ನಿಮ್ಮ ಸರಕಾರಿ ಲಾ ಕಾಲೇಜಿನಲ್ಲಿ ಐದೂವರೆಯ ನಂತರ ಸಂಜೆ ತರಗತಿ ಇದೆಯಂತೆ. ಹಗಲು ಕೋರ್ಟು, ಸಂಜೆ ಕಾಲೇಜು. ನನಗೀಗ ನಲವತ್ತಮೂರು. ಹತ್ತು ವರ್ಷ ಕಾದು ಕೂತರೆ ಪದವಿಯ ಜೊತೆಗೇ ಪಿಂಚಣಿ ಬಂದೀತು.

ನಾನು ಆ ಕಡೆಗೆ ಎಂದೂ ಬಂದವಳಲ್ಲ. ಆ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೂ ಗೊತ್ತಿಲ್ಲ. ನೀನು ಅಲ್ಲಿ ಎರಡು ವರ್ಷ ಕೂತವಳು. ಆದ್ದರಿಂದ ಸತ್ಯ ಹೇಳು. ಕಾಲೇಜಿನವರು ಅಚ್ಚು ಹಾಕಿಸಿದ ಬಣ್ಣದ ಮಾತು ಬೇಡ. ಸೇರುವ ಮೊದಲು ನಿನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನು ಹೇಳು. ಮನೆ ಬಿಟ್ಟು ಬರುವುದೋ ಬೇಡವೋ ಎಂಬುದು ನಿನ್ನ ಉತ್ತರದ ಮೇಲೆ ನಿಂತಿದೆ.

ಅಕ್ಕನಿಗೆ ಉಸಿರೆತ್ತಬೇಡ.

ಚಿಕ್ಕಮ್ಮ


ಏಪ್ರಿಲ್ 25, ಸಂಜೆ 5.15
ಹಾಸ್ಟೆಲ್

ಟೈಪು ಚಿಕ್ಕಮ್ಮಾ,

ನಗಲಿಲ್ಲ. ಕುಣಿದೆ. ಕೋಣೆಯ ಗೆಳತಿ, "ಯಾರಿಗೆ ಮದ್ವೆ?" ಅಂದಳು. "ಮದ್ವೆ ಅಲ್ಲ ಕಣೇ, ನಮ್ಮ ಚಿಕ್ಕಮ್ಮ ನಂಗೆ ಜೂನಿಯರ್ ಆಗ್ತಾಳೆ!" ಅಂದೆ. ಇನ್ನು ಮೇಲೆ ನನ್ನನ್ನು ಕಂಡರೆ ಎದ್ದು ನಿಲ್ಲಬೇಕು, ಗೊತ್ತಾಯಿತೇ?

ಕೇಳು. ಸರಕಾರಿ ಕಾಲೇಜು ಅಂದರೆ ಸಲೀಸು ಅಂತ ಜನ ತಿಳಿದಿದ್ದಾರೆ. ಒಳಗೆ ಬರುವುದು ಕಷ್ಟ, ಬಂದ ಮೇಲೆ ಯಾರೂ ಕೈ ಹಿಡಿದು ನಡೆಸುವುದಿಲ್ಲ. ಒಂದು ತರಗತಿಗೆ ತೊಂಬತ್ತು ಜನ. ಮೇಷ್ಟ್ರುಗಳಲ್ಲಿ ಅರ್ಧದಷ್ಟು ಮಂದಿ ಕೋರ್ಟಿನಿಂದ ಕಪ್ಪು ಕೋಟಿನಲ್ಲೇ ಓಡಿಬರುವ ವಕೀಲರು. ಕೇಸು ಎಳೆದರೆ ಪಾಠ ಇಲ್ಲ, ಬಂದರೆ ಮಾತ್ರ ಯಾವ ಪುಸ್ತಕದಲ್ಲೂ ಸಿಗದ ಪಾಠ. ಗ್ರಂಥಾಲಯದಲ್ಲಿ ಒಳ್ಳೆಯ ಪುಸ್ತಕಗಳಿವೆ, ಒಂದೊಂದೇ ಪ್ರತಿ. ಅದಕ್ಕೇ ಬಾಗಿಲು ತೆಗೆಯುವ ಹೊತ್ತಿಗೆ ಹೋಗಬೇಕು. ದೊಡ್ಡ ದೊಡ್ಡ ಕಂಪನಿಗಳವರು ಕೆಲಸ ಕೊಡಲು ನಮ್ಮ ಗೇಟಿನವರೆಗೆ ಬರುವುದಿಲ್ಲ. ನಾವೇ ಕೋರ್ಟಿನ ಮೆಟ್ಟಿಲಲ್ಲಿ ನಿಂತು ಸೀನಿಯರ್ ವಕೀಲರನ್ನು ಹಿಡಿಯಬೇಕು. ನಿನಗೆ ಆ ಚಿಂತೆಯಿಲ್ಲ, ಆ ಮೆಟ್ಟಿಲೇ ನಿನ್ನ ಆಫೀಸು.

ಸಹಪಾಠಿಗಳು ಹೇಗೆ ಅಂತೀಯಾ? ಈ ಸಲ ಸಂಜೆ ಬ್ಯಾಚಿಗೆ ಹೆಸರು ಕೊಟ್ಟವರಲ್ಲಿ ಒಬ್ಬ ಬಸ್ ಕಂಡಕ್ಟರ್, ಇಬ್ಬರು ಪೊಲೀಸರು, ಒಬ್ಬರು ನಿವೃತ್ತ ಹೆಡ್‌ಮಾಸ್ಟರು ಇದ್ದಾರೆ. ನಿನ್ನ ವಯಸ್ಸನ್ನು ಅಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಚಂದದ ಜಾಗ ಮೆಟ್ಟಿಲಡಿಯ ಕಾನೂನು ನೆರವಿನ ಕೋಣೆ. ವಕೀಲರನ್ನು ಇಡಲಾಗದ ಜನ ತಮ್ಮ ಕಾಗದಪತ್ರ ತಂದು ನಮ್ಮ ಮುಂದೆ ಸುರಿಯುತ್ತಾರೆ. ನಾವು ಅರ್ಜಿ ಬರೆದು ಕೊಡುತ್ತೇವೆ. ಇದು ದುಬಾರಿ ಕಾಲೇಜುಗಳಲ್ಲಿ ಸಿಗುವುದಿಲ್ಲ. ಕಾನೂನು ಅಂದರೆ ಏನು ಎಂದು ನನಗೆ ಗೊತ್ತಾದದ್ದು ಅಲ್ಲಿ.

ನನ್ನ ಓದು ಜೋರಾಗಿ ನಡೆದಿದೆ. ಕಾಲೇಜಿನ ನಿಯಮಗಳ ಪುಸ್ತಿಕೆ ಕಳಿಸಿದ್ದೇನೆ. ಅದನ್ನು ಯಾರೂ ಓದುವುದಿಲ್ಲ, ನೀನು ಓದುತ್ತೀಯ ಅಂತ ಗೊತ್ತು. ನಮ್ಮ ಪರೀಕ್ಷೆಯ ವೇಳಾಪಟ್ಟಿಯೂ ಇದೆ, ಏನೇನು ವಿಷಯ ಓದಬೇಕು ಎಂದು ನೋಡಿಕೊಳ್ಳಲು. ಕಣ್ಣು ಮುಚ್ಚಿಕೊಂಡು ಬಾ.

ನಿನ್ನ ಸೀನಿಯರ್


ಮೇ 2, ಮಧ್ಯಾಹ್ನ 1.30
ಟೈಪಿಂಗ್ ಕೋಣೆ

ಸೀನಿಯರ್ ಸಾಹೇಬರಿಗೆ ಎದ್ದು ನಿಂತು ಬರೆಯುತ್ತಿದ್ದೇನೆ.

ಕಾಗದವನ್ನು ಮೂರು ಸಲ ಓದಿದೆ. ಚೆನ್ನಾಗಿದೆ, ಆದರೆ ಬೆಣ್ಣೆ ಸ್ವಲ್ಪ ಜಾಸ್ತಿಯಾಯಿತು. ನಮ್ಮ ಕೋರ್ಟಿನಲ್ಲಿ ಎಲ್ಲವೂ ಚೆಂದ ಎನ್ನುವ ಸಾಕ್ಷಿಯನ್ನು ವಕೀಲರು ಅನುಮಾನದಿಂದ ನೋಡುತ್ತಾರೆ. ನಿನಗೆ ಅಲ್ಲಿ ಒಂದು ದಿನವೂ ಅಳು ಬರಲಿಲ್ಲವೇ? ತರಗತಿಯಲ್ಲಿ ಈಗಲೂ ಒಬ್ಬೊಬ್ಬರನ್ನೇ ಎಬ್ಬಿಸಿ ತೀರ್ಪು ಓದಿಸುತ್ತಾರೆಯೇ? ಓದುವ ಕೋಣೆಯ ಆ ಮೂರನೆಯ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತಿದ್ದರೆ ಓದುವುದಾದರೂ ಹೇಗೆ?

ಒಂಬತ್ತನೇ ತಾರೀಖು ಹತ್ತರಿಂದ ಒಂದರವರೆಗೆ ನಿನಗೆ ಸಿವಿಲ್ ಪ್ರಕ್ರಿಯೆಯ ಪರೀಕ್ಷೆ. ವೇಳಾಪಟ್ಟಿಯನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಆ ಮೂರು ಗಂಟೆ ನಾನು ಯಾರ ಹೇಳಿಕೆ ಟೈಪ್ ಮಾಡಿದರೂ ಮನಸ್ಸು ನಿನ್ನ ಹತ್ತಿರವೇ ಇರುತ್ತದೆ. ಚೆನ್ನಾಗಿ ಬರೆ.

ಚಿಕ್ಕಮ್ಮ


ಮೇ 9, ಬೆಳಗ್ಗೆ 11.10
ಕಾನೂನು ನೆರವಿನ ಕೋಣೆ

ಚಿಕ್ಕಮ್ಮಾ,

ಇದನ್ನು ಈಗಿಂದೀಗಲೇ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಮನೆಮನೆಯ ಬಟ್ಟೆ ಹೊಲಿಯುವ ಒಬ್ಬ ಅಜ್ಜಿ ಇದ್ದಾರೆ. ಕೋಣೆ ಖಾಲಿ ಮಾಡಲಿಲ್ಲವೆಂದು ಮಾಲೀಕ ಅವರ ನಲ್ಲಿಯ ಪೈಪನ್ನೇ ಕತ್ತರಿಸಿದ್ದ. ನಾಲ್ಕು ತಿಂಗಳು ಬೀದಿ ಕೊನೆಯಿಂದ ನೀರು ಹೊತ್ತರು. ನಾನು ಅರ್ಜಿ ಬರೆದೆ, ಮೂರು ಸಲ ತಿದ್ದಿದೆ, ವಿಚಾರಣೆಗೆ ಜೊತೆಗೆ ಹೋದೆ. ಅಜ್ಜಿ ಈಗ ತಾನೇ ಬಂದರು. ಕೂರಲೂ ಇಲ್ಲ. "ಬಂತು ಕಣವ್ವಾ, ನೀರು ಬಂತು. ಬೆಳಗ್ಗೆಯಿಂದ ನಲ್ಲಿ ತಿರುಗ್ಸೋದು, ನಿಲ್ಸೋದು, ಅದೇ ಕೆಲ್ಸ ಆಗಿದೆ ನಂಗೆ" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಬೆರಳುಗಳ ತುಂಬ ಸೂಜಿ ಚುಚ್ಚಿದ ಗುರುತು.

ನೀನು ಕೇಳಿದೆಯಲ್ಲ, ಅಳು ಬಂದಿಲ್ಲವೇ ಎಂದು. ಇವತ್ತು ಬಂತು. ಖುಷಿಗೆ.

ಪರೀಕ್ಷೆಗಳು ಸರಿಯಾಗಿ ನಡೆಯುತ್ತಿವೆ. ನೀನು ಹೆಡ್ ಕ್ಲರ್ಕಿಗೆ ಹೂಂ ಅಂದೆಯಾ?

ನಿನ್ನ ಮಗಳಂಥವಳು


ಮೇ 14, ಮಧ್ಯಾಹ್ನ 1.50
ಟೈಪಿಂಗ್ ಕೋಣೆ

ಪುಟ್ಟೀ,

ಅಜ್ಜಿಯ ಮನೆಗೆ ನೀರು ಬಂದದ್ದು ಓದಿ ನನಗೂ ಕಣ್ಣು ತುಂಬಿತು. ಕಣ್ಣು ಒರೆಸಿಕೊಂಡು ಕಾಗದದ ಮೇಲ್ಭಾಗ ನೋಡಿದೆ.

ಪ್ರಶ್ನೆ: ಮೇ 9ರಂದು ಬೆಳಗ್ಗೆ 11.10ಕ್ಕೆ ನೀವು ಎಲ್ಲಿದ್ದಿರಿ?
ಉತ್ತರ:

ಪ್ರಶ್ನೆ: ಅದೇ ಹೊತ್ತಿಗೆ ನಿಮಗೆ ಸಿವಿಲ್ ಪ್ರಕ್ರಿಯೆಯ ಪರೀಕ್ಷೆ ಇದ್ದದ್ದು ನಿಜವೇ?
ಉತ್ತರ:

ತಾರೀಖು, ಗಂಟೆ ಹಾಕದ ಕಾಗದ ಕಾಗದವೇ ಅಲ್ಲ ಎಂದು ನಿನಗೆ ಆರು ವರ್ಷವಿದ್ದಾಗ ಹೇಳಿಕೊಟ್ಟವಳು ನಾನು. ನೀನು ಅದನ್ನು ಮರೆಯಲಿಲ್ಲ ಎಂಬ ಹೆಮ್ಮೆ ಒಂದು ಕಡೆ. ಸಿಕ್ಕಿಬಿದ್ದೆಯಲ್ಲ ಎಂಬ ಸಂಕಟ ಇನ್ನೊಂದು ಕಡೆ. ಉತ್ತರದ ಜಾಗ ಖಾಲಿ ಬಿಟ್ಟಿದ್ದೇನೆ.

ಚಿಕ್ಕಮ್ಮ


ಮೇ 25, ಬೆಳಗ್ಗೆ 9.50
ಟೈಪಿಂಗ್ ಕೋಣೆ

ಪುಟ್ಟೀ,

ಹನ್ನೊಂದು ದಿನವಾಯಿತು. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಾನೆ.

ನಾನು ಪಾಟೀಸವಾಲು ಹಾಕಿದ್ದು ತಪ್ಪಾಯಿತು. ಇಪ್ಪತ್ತೊಂದು ವರ್ಷ ವಕೀಲರು ಹಾಗೆ ಕೇಳುವುದನ್ನು ಟೈಪ್ ಮಾಡಿದ್ದೇನೆ, ಹಾಗೆ ಕೇಳಿಸಿಕೊಂಡವರ ಮುಖವನ್ನೂ ನೋಡಿದ್ದೇನೆ. ನೋಡಿಯೂ ನಿನಗೆ ಅದನ್ನೇ ಮಾಡಿದೆ. ಅಕ್ಕನಿಗೆ ಏನೂ ಹೇಳಿಲ್ಲ. ಹೆಡ್ ಕ್ಲರ್ಕಿಗೂ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.

ಒಂದೇ ಸಾಲು ಬರೆ, ಸಾಕು.

ಚಿಕ್ಕಮ್ಮ


ಮೇ 29, ಮಧ್ಯಾಹ್ನ 3.00
ಓದುವ ಕೋಣೆ

ಚಿಕ್ಕಮ್ಮಾ,

ಉತ್ತರ: ಹೌದು, ನಿಜ. ಪರೀಕ್ಷೆಗೆ ನನ್ನನ್ನು ಕೂರಿಸಲಿಲ್ಲ. ಸಿವಿಲ್ ಪ್ರಕ್ರಿಯೆಯಲ್ಲಿ ಹಾಜರಿ ಸಾಲದು. ನೂರಕ್ಕೆ ಎಪ್ಪತ್ತೈದು ಇರಬೇಕಿತ್ತು, ನನ್ನದು ಐವತ್ತೆಂಟು. ಉಳಿದ ಪರೀಕ್ಷೆಗಳನ್ನು ಚೆನ್ನಾಗಿಯೇ ಬರೆದಿದ್ದೇನೆ. ಆದರೆ ಈ ಒಂದಕ್ಕಾಗಿ ಮತ್ತೊಂದು ವರ್ಷ ಎರಡನೇ ವರ್ಷದಲ್ಲೇ ಕೂರಬೇಕು.

ಊರೂರು ಸುತ್ತಿದವಳಲ್ಲ ನಾನು. ಆ ಪಾಠದ ಹೊತ್ತಿಗೇ ನೆರವಿನ ಕೋಣೆಗೆ ಜನ ಜಾಸ್ತಿ ಬರುತ್ತಿದ್ದರು. "ಸ್ವಲ್ಪ ನೋಡಮ್ಮಾ" ಎಂದು ಕಾಗದ ಚಾಚಿದವರನ್ನು ಬಿಟ್ಟು ಪ್ರಕ್ರಿಯೆಯ ಪಾಠಕ್ಕೆ ಓಡಲು ಕಾಲು ಬರಲಿಲ್ಲ. ನೆರವಿನ ಕೋಣೆಯಲ್ಲೂ ಒಂದು ಹಾಜರಿ ಪುಸ್ತಕ ಇದೆ. ಕೆಲಸ ಮಾಡಿದ ಗಂಟೆಗಳನ್ನು ಪ್ರತಿ ಶನಿವಾರ ನಾವೇ ಬೇರೆ ಹಾಳೆಗೆ ಇಳಿಸಿ ಆಫೀಸಿಗೆ ಕೊಟ್ಟರೆ ಪಾಠದ ಹಾಜರಿಗೆ ಸೇರಿಸುತ್ತಾರೆ. ಆಫೀಸಿನ ಮುಂದೆ ಉದ್ದ ಸಾಲು, ಇಲ್ಲಿ ಕಾಯುವ ಜನ. ಮುಂದಿನ ವಾರ ಕೊಟ್ಟರಾಯಿತು ಅಂದುಕೊಂಡೆ. ಐದು ತಿಂಗಳು ಹಾಗೆಯೇ ಅಂದುಕೊಂಡೆ.

ಪ್ರಿನ್ಸಿಪಾಲರು ಕರೆದು, "ಏನಾದ್ರೂ ಹೇಳೋದಿದ್ಯಾ?" ಎಂದರು. ನನ್ನ ಮುಂದೆ ನಿಂತಿದ್ದವರೆಲ್ಲ ಸುಳ್ಳು ಕಾಯಿಲೆಯ ಸರ್ಟಿಫಿಕೇಟು ಹಿಡಿದಿದ್ದರು. ಅವರ ಸಾಲಿಗೆ ಸೇರಲು ಮನಸ್ಸಾಗದೆ, "ಏನೂ ಇಲ್ಲ ಮೇಡಂ" ಎಂದು ಬಂದುಬಿಟ್ಟೆ. ನಾಚಿಕೆಯಾಗುತ್ತದೆ. ನಾನೇ ಎಡವಿದ ಕಡೆಗೆ ನಿನ್ನನ್ನು ಕಣ್ಣು ಮುಚ್ಚಿಕೊಂಡು ಬಾ ಎಂದೆನಲ್ಲ. ಬರಬೇಡ ಎನ್ನುವ ಧೈರ್ಯವೂ ಇಲ್ಲ, ಬಾ ಎನ್ನುವ ಮುಖವೂ ಇಲ್ಲ.

ಆದರೆ ನನ್ನದೂ ಒಂದು ಪ್ರಶ್ನೆ ಇದೆ. ಈಗ ಓದುವ ಕೋಣೆಯಲ್ಲಿ ಕೂತಿದ್ದೇನೆ. ಮೂರನೆಯ ಕಿಟಕಿಯ ಚಿಲಕ ಕೂರುವುದಿಲ್ಲ, ಈಗಲೂ ಬಡಿದುಕೊಳ್ಳುತ್ತಿದೆ. ನಾನು ಯಾವ ಕಾಗದದಲ್ಲೂ ಅದನ್ನು ಬರೆದಿರಲಿಲ್ಲ. ಕಾವಲುಗಾರರನ್ನು ಕೇಳಿದರೆ, "ನಾನು ಕೆಲ್ಸಕ್ಕೆ ಸೇರೋಕೂ ಮುಂಚೆಯಿಂದ ಹಂಗೇ ಐತೆ" ಎಂದರು. ಈ ಕಟ್ಟಡ ಯಾವ ದಿಕ್ಕಿಗಿದೆ ಎಂದೂ ಗೊತ್ತಿಲ್ಲದ ನಿನಗೆ ಇದರ ಮೂರನೆಯ ಕಿಟಕಿ ಹೇಗೆ ಗೊತ್ತು?

ಪುಟ್ಟಿ


ಜೂನ್ 2, ಬೆಳಗ್ಗೆ 7.00
ಮನೆ

ಭಲೇ ಲಾಯರಮ್ಮ! ಹಾಜರಿ ಐವತ್ತೆಂಟಾದರೇನು, ವಿದ್ಯೆ ನೂರಕ್ಕೆ ನೂರು ಬಂದಿದೆ.

ಮೊದಲು ನನ್ನ ಉತ್ತರ. ನಿನ್ನಷ್ಟೇ ವಯಸ್ಸಿದ್ದಾಗ ನನಗೆ ಆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ನೀನಾಗ ತೊಟ್ಟಿಲಲ್ಲಿದ್ದೆ. ಹನ್ನೊಂದು ದಿನ ಹೋದೆ. ಹನ್ನೊಂದನೆಯ ದಿನ ಮೇಷ್ಟ್ರು ನನ್ನನ್ನು ಎಬ್ಬಿಸಿ ತೀರ್ಪು ಓದಲು ಹೇಳಿದರು. ಓದಿದೆ. ಹಿಂದಿನ ಬೆಂಚಿನವರು, "ಕೇಳಿಸ್ತಿಲ್ಲ! ಕೇಳಿಸ್ತಿಲ್ಲ!" ಎಂದು ಡೆಸ್ಕು ಕುಟ್ಟಿದರು. ಗಟ್ಟಿಯಾಗಿ ಓದಲು ಹೋದರೆ ಗಂಟಲೇ ಕಟ್ಟಿತು. ಕೂತುಬಿಟ್ಟೆ. ಆ ಮಧ್ಯಾಹ್ನ ಪೂರ್ತಿ ಮೂರನೆಯ ಕಿಟಕಿಯ ಪಕ್ಕ ಕೂತು, ಅದು ಬಡಿದುಕೊಳ್ಳುವುದನ್ನೇ ಕೇಳಿದೆ. ಮರುದಿನ ಮನೆಗೆ ಬಂದು, "ಪಟ್ಟಿಯಲ್ಲಿ ತಪ್ಪಾಗಿತ್ತಂತೆ, ಸೀಟಿಲ್ಲ" ಎಂದೆ. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಅಂದಿನಿಂದ ನನ್ನದು ಬೇರೆಯವರ ಮಾತು ಬರೆದುಕೊಳ್ಳುವ ಕೆಲಸ. ಅದರಲ್ಲಿ ಗಂಟಲು ಬೇಕಾಗಿಲ್ಲ.

ಆ ಕಟ್ಟಡದಲ್ಲಿ ಎಡವಿದವಳು ನೀನೊಬ್ಬಳೇ ಅಂದುಕೊಳ್ಳಬೇಡ. ನೀನಾದರೂ ಕೆಲಸ ಮಾಡಿ ಸಿಕ್ಕಿಬಿದ್ದವಳು.

ಇನ್ನು ನಿನ್ನ ವಿಷಯ. ಯಾರೂ ಓದದ ನಿಯಮಗಳ ಪುಸ್ತಿಕೆಯನ್ನು ನಾನು ಅಡಿಯಿಂದ ಮುಡಿಯವರೆಗೆ ಓದಿದ್ದೇನೆ. ಟೈಪಿಸ್ಟಿಗೆ ಅಕ್ಷರ ಬಿಡುವುದು ಗೊತ್ತಿಲ್ಲ. ಹದಿನೇಳನೆಯ ನಿಯಮ: ನೆರವಿನ ಕೋಣೆಯಲ್ಲಿ ಕಳೆದ ಗಂಟೆಗಳಿಗೆ ಉಸ್ತುವಾರಿ ಅಧ್ಯಾಪಕರ ಸಹಿ ಇದ್ದರೆ ಪಾಠದ ಹಾಜರಿಗೆ ಸೇರಿಸಬಹುದು, ಪರೀಕ್ಷೆ ಮುಗಿದ ಮೂವತ್ತು ದಿನದೊಳಗೆ ವಿದ್ಯಾರ್ಥಿಯೇ ಅರ್ಜಿ ಕೊಡಬೇಕು, ಒಪ್ಪಿದರೆ ಜುಲೈಯಲ್ಲಿ ಪೂರಕ ಪರೀಕ್ಷೆ. ನೆರವಿನ ಕೋಣೆಯ ಪುಸ್ತಕದಲ್ಲಿ ಸಹಿ ಇದೆ ತಾನೇ? ಊರವರ ಅರ್ಜಿಯನ್ನೆಲ್ಲ ಬರೆದವಳು ನಿನ್ನ ಅರ್ಜಿಯೊಂದನ್ನು ಬರೆಯಲಿಲ್ಲ, ಅಷ್ಟೇ ಆಗಿರುವುದು.

ಬರೆದು ಕಳಿಸಿದ್ದೇನೆ. ಎರಡು ಪುಟ, ಮೂರು ಪ್ರತಿ. ಅದರಲ್ಲಿ ಗೋಳಿಲ್ಲ, ಕಾಯಿಲೆಯಿಲ್ಲ, ಸುಳ್ಳಿಲ್ಲ. ಸಹಿಯ ಜಾಗ ಮಾತ್ರ ಖಾಲಿ. ಆ ಅಜ್ಜಿ ಇದೇ ಕಾಗದ ಹಿಡಿದು ನಿನ್ನ ಮುಂದೆ ಬಂದಿದ್ದರೆ, "ಕೊಡೋದಕ್ಕೆ ನಾಚಿಕೆ ಆಗುತ್ತಾ? ಹಾಗಿದ್ರೆ ಬಿಡಿ" ಎನ್ನುತ್ತಿದ್ದೆಯಾ?

ನೀನು ಅರ್ಜಿ ಕೊಟ್ಟೆ ಎಂದು ಗೊತ್ತಾದ ದಿನ ನಾನು ಹೆಡ್ ಕ್ಲರ್ಕ್ ಕೋಣೆಗೆ ಹೋಗುತ್ತೇನೆ. ನೀನು ಕೊಡದಿದ್ದರೆ ನಾನೂ ಹೋಗುವುದಿಲ್ಲ. ಇದನ್ನು ಬೆದರಿಕೆ ಅಂದುಕೊಂಡರೂ ಸರಿ.

ಚಿಕ್ಕಮ್ಮ


ಜೂನ್ 6, ಮಧ್ಯಾಹ್ನ 12.20
ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚು

ಚಿಕ್ಕಮ್ಮಾ, ಇದನ್ನು ತ್ವರಿತ ಅಂಚೆಗೆ ಹಾಕುತ್ತಿದ್ದೇನೆ. ಹತ್ತರೊಳಗೆ ನಿನ್ನ ಕೈ ಸೇರಬೇಕು.

ಕೊಟ್ಟೆ. ಬೆಳಗ್ಗೆ ನೆರವಿನ ಕೋಣೆಯ ಪುಸ್ತಕ ತೆಗೆದು ನೋಡಿದರೆ ಪ್ರತಿ ಪುಟದಲ್ಲೂ ಉಸ್ತುವಾರಿ ಮೇಡಂ ಸಹಿ ಇತ್ತು. ಎಣಿಸಿದಾಗ ಬೇಕಾದದ್ದಕ್ಕಿಂತ ಹದಿಮೂರು ಗಂಟೆ ಜಾಸ್ತಿಯೇ ಬಂತು. ಪ್ರಿನ್ಸಿಪಾಲರು ಅರ್ಜಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, "ಅವತ್ತು ಕೇಳಿದಾಗ ಯಾಕಮ್ಮ ಹೇಳ್ಲಿಲ್ಲ?" ಎಂದರು. "ಜಂಭ ಮೇಡಂ" ಎಂದೆ. ಅವರಿಗೆ ನಗು ಬಂತು, ತಡೆದುಕೊಂಡರು.

ಆಮೇಲೆ ಕೇಳಿದರು, "ಇಷ್ಟು ಅಚ್ಚುಕಟ್ಟಾದ ಅರ್ಜಿ ಈ ಮೇಜಿಗೆ ಬಂದು ಎಷ್ಟೋ ವರ್ಷ ಆಯ್ತು. ಯಾರು ಬರೆದದ್ದು?"

"ನಮ್ಮ ಚಿಕ್ಕಮ್ಮ."

"ವಕೀಲರಾ?"

"ಇನ್ನೂ ಇಲ್ಲ ಮೇಡಂ."

ಜುಲೈ ಹದಿನೈದಕ್ಕೆ ಪೂರಕ ಪರೀಕ್ಷೆ, ಕೂರಲು ಅನುಮತಿ ಸಿಕ್ಕಿದೆ. ಅಲ್ಲಿಯವರೆಗೆ ಮನೆಗೆ ಬಂದು ಓದುತ್ತೇನೆ. ಅಮ್ಮನಿಗೆ ಎಲ್ಲವನ್ನೂ ನಾನೇ ಹೇಳುತ್ತೇನೆ. ನೀನು ಮಧ್ಯೆ ಬಾಯಿ ಹಾಕಬೇಡ.

ನನ್ನ ಮೊದಲ ಕಾಗದ ರದ್ದು. ಈಗ ಕೇಳು. ಇಲ್ಲಿ ನೀನು ಬಂದೆಯೋ ಬಿಟ್ಟೆಯೋ ಎಂದು ಯಾರೂ ವಿಚಾರಿಸುವುದಿಲ್ಲ, ನಿನ್ನ ಹಾಜರಿ ನೀನೇ ಕಾಯಬೇಕು. ನಾಚಿಕೆಪಟ್ಟು ಸುಮ್ಮನಿದ್ದರೆ ಒಂದು ವರ್ಷವೇ ಹೋಗುತ್ತದೆ. ಬಾಯಿಬಿಟ್ಟು ಕೇಳಿದರೆ ಕೊಡುವವರು ಇದ್ದಾರೆ. ಹಿಂದಿನ ಬೆಂಚಿನವರು ಈಗಲೂ ಡೆಸ್ಕು ಕುಟ್ಟುತ್ತಾರೆ. ಕಿಟಕಿಯನ್ನು ಈಗಲೂ ಯಾರೂ ರಿಪೇರಿ ಮಾಡಿಸಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಹೇಳುತ್ತಿದ್ದೇನೆ, ಬಾ. ಈ ಸಲ ಕಣ್ಣು ಬಿಟ್ಟುಕೊಂಡು ಬಾ.

ಹೋಗು, ಹೆಡ್ ಕ್ಲರ್ಕ್ ಕೋಣೆಗೆ ಹೋಗು.

ಪುಟ್ಟಿ


ಜುಲೈ 5, ಬೆಳಗ್ಗೆ 7.15
ಬಾಡಿಗೆ ಕೋಣೆ, ನಿನ್ನ ಕಾಲೇಜಿನ ಹಿಂದಿನ ಬೀದಿ

ಪುಟ್ಟೀ,

ಮನೆಯಲ್ಲಿ ನನ್ನ ಮೇಜಿನ ಮುಂದೆ ಕೂತು ಓದುತ್ತಿದ್ದೀಯಂತೆ. ಅದರ ಎಡಗಡೆಯ ಕಾಲು ಅಲ್ಲಾಡುತ್ತದೆ, ಜೋಪಾನ. ನಿಮ್ಮಮ್ಮ ಫೋನಿನಲ್ಲಿ ನಮ್ಮಿಬ್ಬರನ್ನೂ ಒಟ್ಟಿಗೇ ಬೈದಳು. "ಇಬ್ಬರೂ ಕಳ್ಳಿಯರು! ಒಬ್ಬಳು ಇಪ್ಪತ್ತೆರಡು ವರ್ಷ ಮುಚ್ಚಿಟ್ಟಳು, ಇನ್ನೊಬ್ಬಳು ಒಂದು ತಿಂಗಳು" ಎಂದಳು. ಕೊನೆಗೆ, "ಸಂಜೆ ಹೊತ್ತು ಏನಾದ್ರೂ ತಿಂದು ಕ್ಲಾಸಿಗೆ ಹೋಗೇ" ಎಂದಳು. ಒಪ್ಪಿದ್ದಾಳೆ ಎಂದು ಅರ್ಥ.

ವರ್ಗವೂ ಆಯಿತು, ಸೀಟೂ ಸಿಕ್ಕಿತು, ನಿನ್ನೆ ಮೊದಲ ತರಗತಿ. ಮೊದಲು ಓದುವ ಕೋಣೆಗೆ ಹೋದೆ. ಹಳೆಯ ಟೈಪ್‌ರೈಟರಿನ ರಬ್ಬರ್ ತುಂಡೊಂದನ್ನು ಚೀಲದಲ್ಲಿ ತಂದಿದ್ದೆ. ಮೂರನೆಯ ಕಿಟಕಿಯ ಸಂದಿಗೆ ಒತ್ತಿದೆ. ಸದ್ದು ನಿಂತಿತು. ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಸಿಟ್ಟೇ ಬಂತು.

ತರಗತಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಮೇಷ್ಟ್ರು. "ಕೋರ್ಟಿನಲ್ಲಿ ಸಾಕ್ಷಿಯ ಹೇಳಿಕೆ ಹೇಗೆ ದಾಖಲಾಗುತ್ತೆ? ಪುಸ್ತಕದಲ್ಲಿರೋದು ಬೇಡ, ಕಣ್ಣಾರೆ ನೋಡಿದವರು ಯಾರಾದ್ರೂ ಇದ್ದೀರಾ?" ಎಂದು ಕೇಳಿದರು. ಯಾರೂ ಏಳಲಿಲ್ಲ. ನನ್ನ ಕಾಲು ನನ್ನನ್ನು ಕೇಳದೆ ಎದ್ದು ನಿಂತಿತು. ಬಾಯಿ ತೆರೆದೆ. ಹಿಂದಿನ ಬೆಂಚಿನಿಂದ ಆ ಬಸ್ ಕಂಡಕ್ಟರ್, "ಕೇಳಿಸ್ತಿಲ್ಲ ಮೇಡಂ" ಎಂದ. ಗಂಟಲು ಮತ್ತೆ ಅದೇ ಆಟ ಹೂಡಿತು. ಆದರೆ ನನಗೆ ನಿನ್ನ ಬಟ್ಟೆ ಹೊಲಿಯುವ ಅಜ್ಜಿ ನೆನಪಾದರು. ಅವರೂ ಒಂದು ದಿನ ಬಾಗಿಲಲ್ಲಿ ನಿಂತು ಬಾಯಿ ತೆರೆದವರೇ ತಾನೇ? "ಸರಿಯಪ್ಪಾ, ಗಟ್ಟಿಯಾಗಿ ಹೇಳ್ತೀನಿ, ಕೇಳು" ಎಂದೆ.

ಹೇಳಿದೆ. ಸಾಕ್ಷಿ ಹೆದರಿ ತೊದಲಿದಾಗ ಏನು ಮಾಡುತ್ತೇವೆ, ತಲೆ ಆಡಿಸಿದರೆ ಅದನ್ನು ಹೇಗೆ ಬರೆಯುತ್ತೇವೆ, ಓದಿ ಹೇಳದೆ ಸಹಿ ಹಾಕಿಸಿದರೆ ಏನಾಗುತ್ತದೆ, ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಮಧ್ಯದಲ್ಲಿ ಕೈ ಎತ್ತಿ ತರಗತಿಯ ಕಡೆ ತಿರುಗಿ, "ಇದು ಯಾವ ಪುಸ್ತಕದಲ್ಲೂ ಇಲ್ಲ. ಬರೆದುಕೊಳ್ಳಿ" ಎಂದರು.

ತೊಂಬತ್ತು ಪೆನ್ನುಗಳು ಒಮ್ಮೆಗೇ ಕಾಗದಕ್ಕೆ ಇಳಿದವು. ಪೊಲೀಸರದೂ, ಹೆಡ್‌ಮಾಸ್ಟರದೂ. ನನಗೆ ಆ ಸದ್ದು ಚೆನ್ನಾಗಿ ಗೊತ್ತು. ಇಪ್ಪತ್ತೊಂದು ವರ್ಷ ಬೇರೆಯವರು ಮಾತನಾಡುವಾಗ ನನ್ನ ಮೇಜಿನ ಟೈಪ್‌ರೈಟರಿನಿಂದ ಏಳುತ್ತಿದ್ದದ್ದೂ ಇದೇ ಬರೆದುಕೊಳ್ಳುವ ಸದ್ದು.

ನಿನ್ನೆ ನಾನು ಮಾತನಾಡುತ್ತಿದ್ದೆ. ಅವರಿಗೆ ಬರೆದುಕೊಳ್ಳಲು ಆಗಲಿ ಎಂದು ಸ್ವಲ್ಪ ನಿಧಾನ ಮಾಡಬೇಕಾಯಿತು.

ಚಿಕ್ಕಮ್ಮ
ಮೊದಲ ವರ್ಷ, ಸಂಜೆ ತರಗತಿ. ಹಾಜರಿ: ಒಂದಕ್ಕೆ ಒಂದು.